ಬಾತಿ ಬಯಲಿಗೆ ಇಳಿಯುತ್ತಿದ್ದ ಅಕ್ಕ

ನನ್ನ ಅಕ್ಕನ ಮೇಲೆ ಬಂದ ಮಾತು ಸುಳ್ಳು ಅಂತ ನನಗೆ ಗೊತ್ತಿತ್ತು. ಆಕೆ ಬದುಕಿರುವವರೆಗೆ ನಾನು ಅದನ್ನು ಯಾರ ಮುಂದೆಯೂ ಹೇಳಲಿಲ್ಲ. ಗೊತ್ತಿದ್ದವರು ಬೇರೆಯವರೂ ಇದ್ದರು. ಆದರೆ ಅವರಿಗೆ ಆಕೆ ಅಕ್ಕ ಅಲ್ಲ.

ಆ ಮಾತು ಇಷ್ಟೇ. ಲೋಕಿಕೆರೆಯ ಒಬ್ಬ ಹೆಣ್ಣುಮಗಳನ್ನು ಹೆಲಿಕಾಪ್ಟರಿಗೆ ಮುಟ್ಟಿಸಬೇಕಾದ ನರ್ಸ್ ದಾರಿ ತಪ್ಪಿಸಿದಳು, ಹೊತ್ತು ಮೀರಿತು, ಹೆಲಿಕಾಪ್ಟರ್ ಬರಿದೇ ಹೋಯಿತು, ರಸ್ತೆಯ ಮೇಲೆ ಹೋದ ಆ ಹೆಣ್ಣುಮಗಳು ಉಳಿಯಲಿಲ್ಲ. ಆ ನರ್ಸ್ ನನ್ನ ಅಕ್ಕ. ಆಕೆ ದಾರಿ ತಪ್ಪಿಸಲಿಲ್ಲ. ಏನಾಯಿತೆಂದು ಹೇಳುವ ಮೊದಲು ಆಕೆ ಎಂಥವಳೆಂದು ಹೇಳಬೇಕು. ಯಾಕೆಂದರೆ ಈಗ ಆಕೆಯನ್ನು ನೆನೆಯುವವರು ಆ ಒಂದು ಮಾತಿನಿಂದಲೇ ನೆನೆಯುತ್ತಾರೆ.

ಅಕ್ಕ ಜೋರಾಗಿ ಮಾತಾಡುತ್ತಿದ್ದಳು. ಮೊದಲು ಹಾಗಿರಲಿಲ್ಲ. ದಾವಣಗೆರೆಯ ಆಸ್ಪತ್ರೆಯಲ್ಲಿ ವಾರ್ಡಿನ ಕೆಲಸ ಮಾಡುವಾಗ ಆಕೆಯದು ಮೆಲುದನಿ. ಕೊರೊನಾ ಕಡಿಮೆಯಾದ ಮೇಲೆ ಆ ಆಸ್ಪತ್ರೆಯವರು ಅಂಟುರೋಗ ಬಂದು ಕೈಮೀರಿದವರನ್ನು ಹೆಲಿಕಾಪ್ಟರಿನಲ್ಲಿ ಬೆಂಗಳೂರಿಗೆ ಕಳಿಸುವ ವ್ಯವಸ್ಥೆ ಮಾಡಿಕೊಂಡರು. ರೋಗಿಯ ಜೊತೆ ಹೋಗಲು ನರ್ಸು ಬೇಕಿತ್ತು. ಎಲ್ಲರೂ ಹಿಂದೆ ಸರಿದಾಗ ಅಕ್ಕ ಹೋಗುತ್ತೇನೆ ಎಂದಳಂತೆ. ಹೆಲಿಕಾಪ್ಟರಿನ ಒಳಗೆ ಪಕ್ಕದಲ್ಲಿ ಕೂತವರ ಮಾತೂ ಕೇಳಿಸುವುದಿಲ್ಲವಂತೆ. ಆ ರೂಢಿಗೆ ಬಿದ್ದು, ಹರಿಹರದ ನಮ್ಮ ಮನೆಯ ಪಡಸಾಲೆಯಲ್ಲಿ ಕೂತು ಉಪ್ಪು ಕೇಳಿದರೂ ಹೊಳೆಯ ಆಚೆ ದಡಕ್ಕೆ ಕೇಳಿಸುವ ಹಾಗೆ ಕೇಳುತ್ತಿದ್ದಳು.

"ಯಾಕ ಹಂಗೆ ಒದರ್ತೀಯವ್ವಾ, ನಾವೇನು ಕಿವುಡರಾ?" ಎನ್ನುತ್ತಿದ್ದಳು ಅವ್ವ.

"ನಾನೆಲ್ಲಿ ಒದರಿದೆ?" ಎಂದು ಅಕ್ಕ ಇನ್ನೂ ಜೋರಾಗಿ ಕೇಳುತ್ತಿದ್ದಳು.

ಮಾತಿನ ಜೊತೆ ಕೈಸನ್ನೆಯೂ ಬಂತು. ರೋಗಿಯನ್ನು ಮಲಗಿಸುವುದು ಪಾರದರ್ಶಕ ಪ್ಲಾಸ್ಟಿಕ್ಕಿನ ಒಂದು ಗೂಡಿನಲ್ಲಿ. ಅದಕ್ಕೆ ಸುತ್ತ ಜಿಪ್ಪು. ಒಳಗಿನ ಗಾಳಿಯನ್ನು ಒಂದು ಯಂತ್ರ ಎಳೆದುಕೊಂಡು ಸೋಸಿ ಹೊರಗೆ ಬಿಡುತ್ತದೆ. ಪಕ್ಕದ ಗೋಡೆಗೇ ಗ್ಲೌಸು ಅಂಟಿಸಿರುತ್ತಾರೆ, ಅದರಲ್ಲಿ ಕೈ ತೂರಿಸಿಯೇ ನೀರು ಕುಡಿಸಬೇಕು, ಸೂಜಿ ಹಾಕಬೇಕು. ಆ ಗದ್ದಲದಲ್ಲಿ ಒಳಗಿನವರಿಗೆ ಏನು ಹೇಳಬೇಕಾದರೂ ಕೈಯಲ್ಲೇ. ಅಂಗೈಯನ್ನು ಎದೆಯ ಮೇಲಿಟ್ಟು ಮೆಲ್ಲಗೆ ಎತ್ತಿ ಇಳಿಸಿದರೆ, ನಿಧಾನಕ್ಕೆ ಉಸಿರಾಡು ಅಂತ. ಎರಡು ಬೆರಳನ್ನು ತನ್ನ ಕಣ್ಣಿಗೆ ತೋರಿಸಿಕೊಂಡರೆ, ನನ್ನನ್ನೇ ನೋಡು ಅಂತ. ನನ್ನ ಮಗಳು ಬಿದ್ದು ಮೊಣಕಾಲು ಕೆತ್ತಿಕೊಂಡು ಅಳುವಾಗ ಆಕೆ ಹೀಗೇ ದೂರದಿಂದ ಎರಡು ಬೆರಳು ತೋರಿಸುತ್ತಿದ್ದಳು. ಮಗು ಬಾಯಿ ಮುಚ್ಚಿ ನೋಡುತ್ತಾ ಕೂರುತ್ತಿತ್ತು. ಹರಿಹರದ ಬಸ್ಸಿನಲ್ಲಿ ಕಂಡಕ್ಟರ್ ಯಾರಿಗೋ ಕೂಗಾಡುತ್ತಿದ್ದಾಗ ಅವನಿಗೂ ಎದೆ ಮೇಲೆ ಅಂಗೈ ಇಟ್ಟು ತೋರಿಸಿದ್ದಳಂತೆ. ಅವನು ಪೆಚ್ಚಾಗಿ ಸುಮ್ಮನಾದನಂತೆ.

ಮೇಲಿನಿಂದ ನೋಡಿದರೆ ದಾವಣಗೆರೆ ಹೇಗೆ ಕಾಣುತ್ತದೆ ಅಂತ ಎಲ್ಲರೂ ಕೇಳುತ್ತಿದ್ದರು. "ನೋಡಾಕೆ ಪುರುಸೊತ್ತು ಎಲ್ಲೈತೆ? ನಾನು ನೋಡೋದು ಒಂದು ಮೂಗು, ಒಂದು ಬಾಯಿ" ಎನ್ನುತ್ತಿದ್ದಳು. ಹೆದರಿಕೆ ಆಗುವುದಿಲ್ಲವೇ ಅಂತ ನನ್ನ ಹೆಂಡತಿ ಕೇಳಿದಾಗ, "ಆಗತೈತೆ. ಅದಕ್ಕೇ ಕೈ ತೊಳೀತೀನಿ" ಎಂದಿದ್ದಳು. ಹೌದು, ಮೊಣಕೈವರೆಗೆ ತೊಳೆಯುತ್ತಿದ್ದಳು. "ಏನೇ, ಮೊಣಕೈಯಾಗೆ ಉಣ್ತೀಯೇನು?" ಎಂದು ಅವ್ವ ರೇಗಿಸುತ್ತಿದ್ದಳು. ಬಳೆ ಹಾಕುತ್ತಿರಲಿಲ್ಲ. ಬರಿಗೈಯಲ್ಲಿ ಮನೆಗೆ ಬರುತ್ತಾಳಲ್ಲ ಅಂತ ಅವ್ವನಿಗೆ ಅದೊಂದು ಸಂಕಟ.

ನನಗೆ ಆಕೆಯ ಮೇಲೆ ಅನುಮಾನ. ಮೊದಲಿನಿಂದಲೂ ನಾನು ಅನುಮಾನದ ಮನುಷ್ಯ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಮಂಡಕ್ಕಿ ಹುರಿಯುವ ಭಟ್ಟಿಗೆ ಸೇರಿದವನು ನಾನು. ಓದಿದವರು ನಮ್ಮಂಥವರ ಹತ್ತಿರ ಅರ್ಧ ಹೇಳಿ ಅರ್ಧ ಮುಚ್ಚಿಡುತ್ತಾರೆ ಅಂತ ನನ್ನ ನಂಬಿಕೆ. ಅಕ್ಕನೂ ಅವರ ಪೈಕಿಯೇ ಅಂತ ಲೆಕ್ಕ ಹಾಕಿದ್ದೆ. ಒಂದೊಂದು ಸಲ ಹೆಲಿಕಾಪ್ಟರಿನಲ್ಲಿ ಹೋಗಿ ಬಂದ ಮೇಲೆ ಆಕೆ ಕೆಲವು ದಿನ ಮನೆಯೊಳಗೆ ಬರುತ್ತಿರಲಿಲ್ಲ. ಹೊರಗೆ ಕಟ್ಟೆಯ ಮೇಲೆ ಕೂತು, ತನ್ನದೇ ಬಾಟಲಿಯ ನೀರು ಕುಡಿದು, ಅವ್ವನ ಮುಖ ದೂರದಿಂದ ನೋಡಿ ದಾವಣಗೆರೆಯ ಕ್ವಾರ್ಟರ್ಸಿಗೆ ಹೋಗುತ್ತಿದ್ದಳು. ನನ್ನ ಮಗಳು ಕೈ ಚಾಚಿದರೂ ಎತ್ತಿಕೊಳ್ಳುತ್ತಿರಲಿಲ್ಲ. ಒಳಗೆ ಬಂದ ದಿನ, ರೋಗ ತಂದಳು ಎನ್ನುತ್ತಿದ್ದೆ. ಬರದ ದಿನ, ಸೊಕ್ಕು ಬಂದಿದೆ ಎನ್ನುತ್ತಿದ್ದೆ. ಆಕೆ ಕೂತೆದ್ದ ಕಟ್ಟೆಗೆ ನೀರು ಹಾಕು ಅಂತ ಹೆಂಡತಿಗೆ ಹೇಳುತ್ತಿದ್ದೆ. ಒಮ್ಮೆ ಅಕ್ಕ ತಿರುವಿನಲ್ಲಿ ನಿಂತು ಹಿಂದೆ ನೋಡಿದಾಗ ನನ್ನ ಹೆಂಡತಿ ಬಕೆಟ್ಟು ಹಿಡಿದಿದ್ದಳು. ಅಕ್ಕ ಅಲ್ಲಿಂದಲೇ ಕೂಗಿದಳು: "ಸೋಪು ಹಾಕಬೇಕು ಕಣೇ, ಬರೀ ನೀರು ಸಾಲದು!" ಅದು ತಮಾಷೆಯೋ ಬೈಗುಳವೋ ನನಗೆ ಇನ್ನೂ ಗೊತ್ತಿಲ್ಲ.

ಈಗ ಭಟ್ಟಿಯ ವಿಷಯ. ನಾನು ಮೇಸ್ತ್ರಿಯಾಗಿರುವ ಮಂಡಕ್ಕಿ ಭಟ್ಟಿ ಇರುವುದು ಬಾತಿಯ ಹತ್ತಿರ, ದಾವಣಗೆರೆ ಹರಿಹರ ರಸ್ತೆಯಿಂದ ಸ್ವಲ್ಪ ಒಳಗೆ. ಭಟ್ಟಿಯ ಹಿಂದೆ ದೊಡ್ಡ ಬಯಲು. ಹೆಲಿಕಾಪ್ಟರ್ ಇಳಿಯಲು ಆ ಬಯಲನ್ನೇ ಗೊತ್ತು ಮಾಡಿದ್ದರು. ಅಲ್ಲಿಗೆ ಹೋಗಲು ಎರಡು ದಾರಿ. ಒಂದು ಸುತ್ತಿನದು, ರೈಲ್ವೆ ಗೇಟು ದಾಟಿ ಹೋಗಬೇಕು. ರೈಲ್ವೆ ಗೇಟು ಹಾಕಿದರೆ ಯಾವಾಗ ತೆಗೆಯುತ್ತಾರೋ ಹೇಳಲಾಗದು. ಇನ್ನೊಂದು ನಮ್ಮ ಭಟ್ಟಿಯ ಅಂಗಳದೊಳಗಿಂದ, ಹತ್ತಿರದ ದಾರಿ. ಭಟ್ಟಿಯ ಗೇಟಿಗೆ ಬೀಗ ಹಾಕುವುದು, ತೆಗೆಯುವುದು ನನ್ನ ಕೆಲಸ.

ಹೆಲಿಕಾಪ್ಟರ್ ಮೊದಲ ಸಲ ಬಂದ ದಿನ ನಮ್ಮವರೆಲ್ಲ ಒಲೆ ಬಿಟ್ಟು ಓಡಿದರು. "ಎಲೆಕ್ಷನ್ನೂ ಇಲ್ಲ ಏನೂ ಇಲ್ಲ, ಯಾವ ಮಂತ್ರಿ ಬಂದನಲೇ?" ಅಂತ ಒಲೆಗೆ ಹೊಟ್ಟು ಹಾಕುವ ಹಾಲಪ್ಪ ಹೆಗಲ ಮೇಲಿನ ಟವೆಲ್ಲು ಕೊಡವಿಕೊಂಡು ಮುಂದೆ ನಿಂತ. ಆಂಬುಲೆನ್ಸ್ ಬಂತು. ಒಳಗೆ ಅಕ್ಕ ಇದ್ದಾಳೆಂದು ಗೊತ್ತಿದ್ದರಿಂದ ನಾನೇ ದೊಡ್ಡಸ್ತಿಕೆಯಿಂದ ಗೇಟು ತೆಗೆದೆ. ತಲೆಯಿಂದ ಕಾಲಿನವರೆಗೆ ಬಿಳಿ ಬಟ್ಟೆ ಹಾಕಿಕೊಂಡವರು ಇಳಿದು ಗೂಡನ್ನು ಎತ್ತಿಕೊಂಡು ಹೋದರು. ಹೆಲಿಕಾಪ್ಟರ್ ಏಳುವಾಗ ಬಂದ ಗಾಳಿ ನಮ್ಮ ಅಂಗಳಕ್ಕೆ ನುಗ್ಗಿತು. ಹೊಟ್ಟಿನ ರಾಶಿ ಎದ್ದು ಆಕಾಶಕ್ಕೆ ಹೋಯಿತು. ಆಗಷ್ಟೇ ಹುರಿದು ಹರವಿದ ಮಂಡಕ್ಕಿ ಗೋಡೆ ಹಾರಿ, ರಸ್ತೆ ಹಾರಿ, ಆಚೆಯ ಮೆಕ್ಕೆಜೋಳದ ಹೊಲಕ್ಕೆ ಬಿತ್ತು. ತೂರುವ ಕೆಲಸದ ತಿಪ್ಪಮ್ಮ ಜರಡಿಯನ್ನು ಅಪ್ಪಿಕೊಂಡು ನೆಲಕ್ಕೆ ಕೂತುಬಿಟ್ಟಳು. ತಲೆಯೆಲ್ಲ ಬೆಳ್ಳಗೆ. "ಮದುವಣಗಿತ್ತಿಗೆ ಅಕ್ಷತೆ ಬಿತ್ತು ನೋಡ್ರಿ" ಎಂದ ಹಾಲಪ್ಪ. ಎಲ್ಲರೂ ನಕ್ಕೆವು.

ನಗು ಬಹಳ ದಿನ ಉಳಿಯಲಿಲ್ಲ. ಮಳೆ ಹಿಡಿಯಿತು, ಭಟ್ಟಿಯ ಹಿಂದಿನ ಕೂಲಿಯವರ ಲೈನು ಮನೆಗಳಲ್ಲಿ ಜ್ವರ ಬಂತು. ಪ್ರತಿ ಮಳೆಗಾಲಕ್ಕೂ ಬರುವ ಜ್ವರವೇ ಇರಬಹುದು. ಆದರೆ ಈ ಸಲ ಎಲ್ಲರ ಕಣ್ಣು ಬಯಲಿನ ಕಡೆ ಹೋಯಿತು. ತೂರುವವರ ಲೆಕ್ಕ ತೂರುವವರಿಗೇ ಗೊತ್ತು. ಗಟ್ಟಿ ಕಾಳು ಕಾಲ ಬುಡದಲ್ಲಿ ಬೀಳುತ್ತದೆ, ಜಳ್ಳು ಸ್ವಲ್ಪ ದೂರ, ಹೊಟ್ಟು ಇನ್ನೂ ದೂರ. ಹಗುರಾದಷ್ಟು ದೂರ. ತಿಪ್ಪಮ್ಮ ಅದನ್ನೇ ಹಿಡಿದಳು. "ಮಂಡಕ್ಕಿನೇ ರಸ್ತೆ ದಾಟಿ ಹೋತು. ರೋಗ ಅನ್ನೋದು ಹೊಟ್ಟಿಗಿಂತ ಹಗುರ, ಕಣ್ಣಿಗೇ ಕಾಣಂಗಿಲ್ಲ. ಅದು ಎಲ್ಲಿತನಕ ಹೋಗಿರಬ್ಯಾಡ?" ನನಗೂ ಅದು ಸರಿ ಅನ್ನಿಸಿತು.

ಈ ಸುದ್ದಿ ನನ್ನಿಂದಲೇ ಅಕ್ಕನಿಗೆ ಗೊತ್ತಾಗಿ, ಒಂದು ರಜೆಯ ದಿನ ಆಕೆ ಭಟ್ಟಿಗೇ ಬಂದಳು. ಮಂಡಕ್ಕಿಯ ಚೀಲದ ಮೇಲೆ ಕೂತು, ಖಾರ ಮಂಡಕ್ಕಿ ಕಲಸಿಸಿಕೊಂಡು, ಮೆಣಸಿನಕಾಯಿ ಕಡಿಯುತ್ತಾ, ಆ ಜೋರು ದನಿಯಲ್ಲಿ ಗೂಡಿನ ವಿಷಯ ಹೇಳಿದಳು.

"ರೋಗಿ ಉಸಿರು ಆ ಗೂಡಿನಾಗೇ ಇರತೈತೆ ತಿಪ್ಪಕ್ಕಾ. ರೆಕ್ಕೆ ಗಾಳಿ ಬರೋದು ಹೊರಗಿಂದು. ನಿಮ್ಮ ಬಯಲಿನ ದೂಳು ನಿಮಗೇ ಹೊಡೀತೈತೆ, ಅಷ್ಟೇ."

ತಿಪ್ಪಮ್ಮ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು. "ಅಷ್ಟು ಭದ್ರ ಇದ್ರೆ ನೀನ್ಯಾಕವ್ವಾ ಮೈತುಂಬ ಆ ಬಿಳೀ ಚೀಲ ಹಾಕ್ಕಂತಿ?"

ಎಲ್ಲರೂ ಅಕ್ಕನ ಮುಖ ನೋಡಿದರು. ಅಕ್ಕ ನಕ್ಕಳು. "ಒಳ್ಳೇ ಪ್ರಶ್ನೆ ಕೇಳಿದೆ. ರೋಗಿನ ಆ ಗೂಡಿಗೆ ಮಲಗಿಸೋರು ಯಾರು? ಮುಟ್ಟೋಳು ನಾನು, ಅದಕ್ಕೆ ಹಾಕ್ಕಂತೀನಿ. ಒಲೆ ಮುಂದೆ ಕೂತ ಹಾಲಪ್ಪಣ್ಣ ಕಾಲಿಗೆ ಗೋಣಿ ಸುತ್ತಿಕೊಂತಾನೆ, ಅಂಗಂತ ರಸ್ತೆಯಾಗೆ ಹೋಗೋರೆಲ್ಲ ಸುತ್ತಿಕೊಂತಾರೇನು?"

ಹಾಲಪ್ಪ ನಕ್ಕ. ತಿಪ್ಪಮ್ಮ ನಗಲಿಲ್ಲ. "ಮಾತು ಚೆನ್ನಾಗಿ ಕಲ್ತಿ ಬಿಡವ್ವಾ" ಎಂದು ಜರಡಿ ಎತ್ತಿಕೊಂಡಳು. ಅಕ್ಕ ಹೊರಟಾಗ ಗೇಟಿನ ತನಕ ಹೋದೆ. "ನಿನಗೆ ನಂಬಿಕೆ ಬಂತೇನಲೇ?" ಎಂದು ಕೇಳಿದಳು. ಹ್ಞೂಂ ಎಂದೆ. ಬಂದಿರಲಿಲ್ಲ. ಬಂದಿಲ್ಲ ಎಂದು ಅವತ್ತೇ ಹೇಳಿದ್ದರೆ ಆಕೆ ಮುಂದೆ ನಮ್ಮ ದಾರಿಗೆ ಬರುತ್ತಲೇ ಇರಲಿಲ್ಲ.

ಪೇಟೆಯಲ್ಲಿ ಬೇರೆ ತರಹದ ಮಾತು ಶುರುವಾಗಿತ್ತು. ನಮ್ಮ ಚೀಲ ಇಳಿಸಿದರೆ ಅಂಗಡಿಯವರು, "ಏನ್ ಮೇಸ್ತ್ರಿ, ಇದು ಹೆಲಿಕಾಪ್ಟರ್ ಮಂಡಕ್ಕೀನಾ?" ಎಂದು ಹಲ್ಲು ಕಿರಿಯುತ್ತಿದ್ದರು. ಕೊಳ್ಳುತ್ತಿದ್ದವರು ಪಕ್ಕದ ಭಟ್ಟಿಯ ಚೀಲ ಮುಟ್ಟಿ ನೋಡತೊಡಗಿದರು. ಭಟ್ಟಿಯ ಸಾಹುಕಾರರು ನನ್ನನ್ನು ಕರೆದು, ಇನ್ನು ಮೇಲೆ ಯಾವ ಆಂಬುಲೆನ್ಸೂ ಅಂಗಳದಲ್ಲಿ ಹಾಯಬಾರದು ಎಂದರು. ಲೈನಿನವರೂ ಅದನ್ನೇ ಹೇಳಿದರು. ಅಷ್ಟೇ ಅಲ್ಲ, ಆ ನರ್ಸು ಮೇಸ್ತ್ರಿಯ ಅಕ್ಕನಂತೆ, ಇವನ ಮೈಮೇಲೂ ಇರಬಹುದು ಎಂದು ನನ್ನ ಬೆನ್ನ ಹಿಂದೆ ಆಡಿಕೊಳ್ಳುತ್ತಿದ್ದರು. ನನ್ನ ಲೋಟವನ್ನು ಬೇರೆ ಇಟ್ಟಿದ್ದನ್ನು ನಾನೇ ಕಂಡೆ. ನಾನು ಅಕ್ಕನಿಗೆ ಮಾಡಿದ್ದನ್ನೇ ಅವರು ನನಗೆ ಮಾಡುತ್ತಿದ್ದರು. ಆಗ ಅದು ನನಗೆ ಹೊಳೆಯಲಿಲ್ಲ. ಅಕ್ಕನ ಮೇಲೆ ಸಿಟ್ಟು ಮಾತ್ರ ಬಂತು. ದಾರಿ ಮುಚ್ಚಿದೆ ಎಂದು ಆಕೆಗೆ ಫೋನು ಮಾಡಿ ಹೇಳಬೇಕಿತ್ತು. ಅದನ್ನೂ ಮಾಡಲಿಲ್ಲ.

ಆ ದಿನ ಸಂಜೆ ಬಿಸಿಲು ಇಳಿಯುತ್ತಿರುವಾಗ ಹೆಲಿಕಾಪ್ಟರ್ ಬಂದು ಬಯಲಿನಲ್ಲಿ ಕೂತಿತು. ಸ್ವಲ್ಪ ಹೊತ್ತಿಗೆ ಆಂಬುಲೆನ್ಸ್ ನಮ್ಮ ಗೇಟಿನ ಮುಂದೆ ಬಂದು ನಿಂತು ಹಾರ್ನು ಹೊಡೆಯಿತು. ಲೋಕಿಕೆರೆಯ ಅಂಗನವಾಡಿ ಟೀಚರಮ್ಮನಿಗೆ ಯಾವುದೋ ಜ್ವರ ಎದೆಗೆ ಇಳಿದಿತ್ತಂತೆ, ಇಲ್ಲಿನ ಯಂತ್ರ ಸಾಲುವುದಿಲ್ಲ ಎಂದು ಬೆಂಗಳೂರಿಗೆ ಹೊರಡಿಸಿದ್ದರಂತೆ. ಇದೆಲ್ಲ ನನಗೆ ಆಮೇಲೆ ಗೊತ್ತಾಯಿತು. ಆಗ ಗೊತ್ತಿದ್ದದ್ದು ಇಷ್ಟೇ, ಒಳಗೆ ರೋಗಿ ಇದ್ದಾರೆ, ಹೆಲಿಕಾಪ್ಟರ್ ಕತ್ತಲಾದರೆ ಹಾರುವುದಿಲ್ಲ. ಅಕ್ಕ ಹೇಳಿದ್ದಳು, ನನಗೆ ಅದು ಚೆನ್ನಾಗಿ ಗೊತ್ತಿತ್ತು.

ಲೈನಿನವರು, ಭಟ್ಟಿಯವರು ಎಲ್ಲ ಗೇಟಿನ ಒಳಗೆ ಅಡ್ಡ ನಿಂತರು. ಹಾಲಪ್ಪ ಒಲೆಯ ಗೋರುಗೋಲು ಹಿಡಿದೇ ಬಂದಿದ್ದ. "ಇವತ್ತು ಒಳಗೆ ಬಿಟ್ರೆ ನಾಳೆ ನಮ್ಮ ಮಂಡಕ್ಕಿ ನಾಯಿನೂ ಮೂಸಂಗಿಲ್ಲ" ಎಂದು ಕೂಗುತ್ತಿದ್ದ. ಆಂಬುಲೆನ್ಸಿನಿಂದ ಬಿಳಿ ಬಟ್ಟೆಯ ಒಬ್ಬಾಕೆ ಇಳಿದು ಬಂದಳು. ತಲೆ ಮುಚ್ಚಿತ್ತು, ಮೂಗು ಬಾಯಿ ಮುಚ್ಚಿತ್ತು, ಕಣ್ಣಿಗೂ ಕನ್ನಡಕ. ನಡಿಗೆ ನೋಡಿಯೇ ಅಕ್ಕ ಎಂದು ಗೊತ್ತಾಯಿತು. ಚಿಕ್ಕವಳಿದ್ದಾಗಿನಿಂದ ಆಕೆ ಎಡಗಾಲನ್ನು ಸ್ವಲ್ಪ ಹೊರಗೆ ಹಾಕಿ ನಡೆಯುತ್ತಿದ್ದಳು.

ಆಕೆ ಕಂಬಿಗಳಿಂದ ದೂರದಲ್ಲೇ ನಿಂತಳು. "ತಮ್ಮಾ, ಗೇಟು ತೆಗಿ."

ನಾನು ಅಲುಗಲಿಲ್ಲ. ಎಲ್ಲರೂ ನನ್ನ ಕಡೆ ತಿರುಗಿದರು. ಕೀಲಿ ನನ್ನ ಜೇಬಿನಲ್ಲಿದ್ದದ್ದು ಎಲ್ಲರಿಗೂ ಗೊತ್ತು.

"ಏ ಮೇಸ್ತ್ರಿ, ನಿಮ್ಮಕ್ಕ ಅಲ್ಲೇನಲೇ ಅವಳು?" ಎಂದ ಹಾಲಪ್ಪ.

"ಯಾರೋ ಏನೋ. ಮುಖ ಎಲ್ಲಿ ಕಾಣತೈತೆ?" ಎಂದೆ ನಾನು.

ಅಕ್ಕನಿಗೆ ಕೇಳಿಸಿತು. ಆಕೆ ಎರಡು ಬೆರಳನ್ನು ಎತ್ತಿ ತನ್ನ ಕನ್ನಡಕದ ಮುಂದೆ ತಂದಳು. ನನ್ನನ್ನೇ ನೋಡು. ನಾನು ನೆಲ ನೋಡಿದೆ. ಎಷ್ಟು ಹೊತ್ತು ಹಾಗೆ ನಿಂತಿದ್ದಳೋ. ಆಮೇಲೆ "ಗಾಡಿ ತಿರುಗಿಸಪ್ಪಾ" ಎಂದ ಆಕೆಯ ದನಿ ಕೇಳಿತು. ಆ ದಿನ ಮಾತ್ರ ಆ ದನಿ ಜೋರಾಗಿರಲಿಲ್ಲ.

ಅವರು ಸುತ್ತಿನ ದಾರಿಗೆ ಹೋದರು. ರೈಲ್ವೆ ಗೇಟು ಹಾಕಿತ್ತು. ಗೂಡ್ಸ್ ಗಾಡಿ ನಿಂತೇ ಇತ್ತಂತೆ. ಬಯಲಿನಲ್ಲಿ ಹೆಲಿಕಾಪ್ಟರ್ ಕಾಯಿತು. ಬಾತಿ ಗುಡ್ಡದ ಮೇಲಿನ ಬೆಳಕು ಹೋಗುತ್ತಾ ಬಂತು. ಕೊನೆಗೆ ರೆಕ್ಕೆ ತಿರುಗಿತು, ಅದು ಎದ್ದು ಬೆಂಗಳೂರಿನ ದಿಕ್ಕಿಗೆ ಹೋಯಿತು. ಹಾಲಪ್ಪ ಸಿಳ್ಳೆ ಹಾಕಿದ. ಹೆಂಗಸರು ಚಪ್ಪಾಳೆ ತಟ್ಟಿದರು. ನಾನೂ ಅವರ ಜೊತೆ ನಕ್ಕೆ. ನಗಲಿಲ್ಲ ಎಂದು ಬರೆಯಲು ಮನಸ್ಸಾಗುತ್ತದೆ, ಆದರೆ ನಕ್ಕೆ.

ಆಂಬುಲೆನ್ಸ್ ರಸ್ತೆಯಲ್ಲೇ ಬೆಂಗಳೂರಿಗೆ ಹೊರಟಿತು. ಆ ತಾಯಿ ದಾರಿಯಲ್ಲಿ ಹೋಗಿಬಿಟ್ಟರು. ಹೆಲಿಕಾಪ್ಟರಿನಲ್ಲಿ ಹೋಗಿದ್ದರೆ ಉಳಿಯುತ್ತಿದ್ದರೇ? ಯಾರಿಗೂ ಗೊತ್ತಿಲ್ಲ. ಅಕ್ಕನನ್ನು ಕೇಳುವ ಮುಖ ನನಗಿರಲಿಲ್ಲ.

ಕೆಲವು ದಿನಗಳ ಮೇಲೆ ಆಂಬುಲೆನ್ಸಿನ ಡ್ರೈವರ್ ಭಟ್ಟಿಯ ಹತ್ತಿರದ ಚಹಾದಂಗಡಿಯಲ್ಲಿ ನನ್ನನ್ನು ಹಿಡಿದ. ಆಸ್ಪತ್ರೆಯಲ್ಲಿ ವಿಚಾರಣೆ ನಡೆದಿತ್ತು. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ ಹೇಳಿದ: "ನಾನು ಎಲ್ಲ ಹೇಳಾಕೆ ರೆಡಿ ಇದ್ದೆ. ನಿಮ್ಮಕ್ಕ ಬಾಯಿ ಮುಚ್ಚಿಸಿದ್ರು. 'ಸುತ್ತಿನ ದಾರಿಗೆ ಹೋಗಾಣ ಅಂದೋನು ನೀನು. ಭಟ್ಟಿ ದಾರಿ ಅಂದೋಳು ನಾನು. ಅಲ್ಲಿ ನಮ್ಮ ತಮ್ಮ ಅದಾನೆ, ತೆಗೀತಾನೆ ಅಂತ ನಂಬಿದೋಳು ನಾನು. ಹಂಗಾರೆ ತಪ್ಪು ಯಾರದು?' ಅಂದ್ರು. ದೊಡ್ಡೋರ ಮುಂದೆ, ಆರಿಸಿದ ದಾರಿ ಸರಿ ಇರಲಿಲ್ಲ, ಆರಿಸಿದೋಳು ನಾನು, ಅಂತ ಇಷ್ಟೇ ಹೇಳಿ ಕೂತ್ರು. ಗೇಟಿನ ಸುದ್ದಿ ಎತ್ತಲಿಲ್ಲ. ಎತ್ತಿದ್ರೆ ಪೊಲೀಸ್ನೋರು ಮೊದಲು ಯಾರನ್ನ ಕರ್ಕೊಂಡು ಹೋಗ್ತಿದ್ರು ಹೇಳ್ರಿ ಮೇಸ್ತ್ರಿ?"

ಅವನ ಚಹಾಕ್ಕೆ ನಾನು ಕೊಡಲು ಹೋದೆ. "ನಿಮ್ದು ಬ್ಯಾಡ್ರಿ" ಎಂದು ತಾನೇ ಕೊಟ್ಟು ಹೋದ.

ಅಕ್ಕನನ್ನು ಹೆಲಿಕಾಪ್ಟರಿನ ಕೆಲಸದಿಂದ ತೆಗೆದು ಹಳೆಯ ಕಟ್ಟಡದ ವಾರ್ಡಿಗೆ ಹಾಕಿದರು. ದಾರಿ ಆರಿಸಿದವಳು ಎಂಬುದು ಬಾಯಿಂದ ಬಾಯಿಗೆ ಹೋಗಿ ದಾರಿ ತಪ್ಪಿಸಿದವಳು ಎಂದಾಯಿತು. ನನಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ, ಅದರ ಬದಲು ಮತ್ತೆ ಅನುಮಾನವೇ ಹುಟ್ಟಿತು. ಯಾಕೆ ಹೇಳಲಿಲ್ಲ ಆಕೆ? ಉಪಕಾರ ಮಾಡಿ ನನ್ನನ್ನು ಜೀವನಪೂರ್ತಿ ಕೈಕೆಳಗೆ ಇಟ್ಟುಕೊಳ್ಳಲಿಕ್ಕಾ? ಯಾವುದಾದರೂ ದಿನ ಅವ್ವನ ಮುಂದೆ ತೆಗೆಯಲಿಕ್ಕಾ? ಆಕೆ ಮನೆಗೆ ಬಂದಾಗೆಲ್ಲ ಆಕೆಯ ಬಾಯನ್ನೇ ಕಾಯುತ್ತಾ ಕೂರುತ್ತಿದ್ದೆ.

ನಮ್ಮಲ್ಲಿ ನಾಗರ ಪಂಚಮಿಗೆ ತಮ್ಮ ಹೋಗಿ ಅಕ್ಕನನ್ನು ಕರೆದುಕೊಂಡು ಬರಬೇಕು. ಎಷ್ಟೇ ಹತ್ತಿರದ ಊರಾದರೂ ಕರೆಯದೆ ಹೆಣ್ಣುಮಕ್ಕಳು ಬರುವುದಿಲ್ಲ. ಆ ವರ್ಷ ನಾನು ಕರೆಯಲು ಹೋಗಲಿಲ್ಲ. ಭಟ್ಟಿಯಲ್ಲಿ ಕೆಲಸ ಎಂದೆ. ಹಬ್ಬದ ದಿನ ಮಧ್ಯಾಹ್ನ ಆಕೆಯೇ ಬಂದಳು, ಕೈಯಲ್ಲಿ ಅಂಗಡಿಯ ಎಳ್ಳುಂಡೆಯ ಪೊಟ್ಟಣ. ಈಗ ಹೆಲಿಕಾಪ್ಟರ್ ಇಲ್ಲವಲ್ಲ, ನೇರ ಒಳಗೆ ಬಂದು ನನ್ನ ಮಗಳನ್ನು ಎತ್ತಿಕೊಂಡಳು. ಆ ಕೆಲಸ ಹಿಡಿದ ಮೇಲೆ ಮೊದಲ ಸಲ ಎತ್ತಿಕೊಂಡದ್ದು. ಮಗಳು ಅಷ್ಟರಲ್ಲಿ ಎತ್ತರ ಬೆಳೆದಿದ್ದಳು, ಕಾಲು ಜೋತಾಡುತ್ತಿತ್ತು.

"ಮ್ಯಾಲೆ ಹಾರಾದು ಯಾಕೆ ಬಿಡಿಸಿದರವ್ವಾ ನಿನ್ನ?" ಎಂದು ಅವ್ವ ಕೇಳಿಯೇಬಿಟ್ಟಳು.

ನಾನು ಮತ್ತೆ ಅಕ್ಕನ ಬಾಯನ್ನೇ ನೋಡಿದೆ.

"ವಯಸ್ಸಾತಬೇ. ಮೊಣಕಾಲು ನೋಯ್ತಾವೆ" ಎಂದಳು ಅಕ್ಕ. ನನ್ನ ಕಡೆ ನೋಡಲಿಲ್ಲ.

ಹೊರಡುವಾಗ ಬಸ್ ಸ್ಟ್ಯಾಂಡಿನ ತನಕ ಬಂದೆ. ಬಸ್ಸು ನಿಂತಿತ್ತು, ಇನ್ನೂ ಬಿಟ್ಟಿರಲಿಲ್ಲ. "ಅಕ್ಕಾ, ಆ ದಿನ..." ಎಂದು ಶುರು ಮಾಡಿದೆ. ಆಕೆ ಕಿಟಕಿಯೊಳಗಿಂದ ನನ್ನನ್ನು ನೋಡಿದಳು. ಸಿಟ್ಟಿರಲಿಲ್ಲ, ಪ್ರೀತಿಯೂ ಇರಲಿಲ್ಲ, ವಾರ್ಡಿನಲ್ಲಿ ರೋಗಿಯನ್ನು ನೋಡುವ ನೋಟ.

"ನನಗ್ಯಾಕ ಹೇಳ್ತೀಯ? ನನಗೇನಾಗೈತೆ?" ಎಂದಳು. "ಕಳಕೊಂಡೋರು ಲೋಕಿಕೆರೆಯಾಗೆ ಅದಾರೆ."

ಬಸ್ಸು ಬಿಟ್ಟಿತು. ಆಕೆ ನನ್ನನ್ನು ಬಲೆಗೆ ಕಳಿಸುತ್ತಿದ್ದಾಳೆ, ನಾನು ಅಲ್ಲಿಗೆ ಹೋಗಿ ಒಪ್ಪಿಕೊಂಡರೆ ತಾನು ಪಾರಾಗುತ್ತಾಳೆ ಎಂದುಕೊಂಡು ಮನೆಗೆ ಬಂದೆ. ಹೋಗಲಿಲ್ಲ. ಮುಂದಿನ ಪಂಚಮಿಗೆ ಕರೆಯಲೂ ಹೋಗಲಿಲ್ಲ. ಆಕೆಯೂ ಬರಲಿಲ್ಲ.

ಅಕ್ಕ ಹೋದದ್ದು ಯಾವ ಅಂಟುರೋಗದಿಂದಲೂ ಅಲ್ಲ. ಬೆಳಿಗ್ಗೆ ಡ್ಯೂಟಿಗೆ ಹೊರಟು ಸೀರೆಯ ನೆರಿಗೆ ಹಿಡಿಯುತ್ತಿದ್ದಳಂತೆ, ಹಾಗೇ ಕುಸಿದಳಂತೆ. ಎದೆ ನಿಂತಿತ್ತು. ಹರಿಹರಕ್ಕೆ ತಂದೆವು. ದಾವಣಗೆರೆಯಿಂದ ಆಸ್ಪತ್ರೆಯವರು ಬಂದಿದ್ದರು. ನಾನು ಚಪ್ಪರದ ಕಂಬಕ್ಕೆ ಒರಗಿ ನಿಂತಿದ್ದೆ. ಹೊಸದಾಗಿ ಸೇರಿದ ಒಬ್ಬ ಹುಡುಗಿ ಪಕ್ಕದವಳನ್ನು ಪಿಸುದನಿಯಲ್ಲಿ ಕೇಳಿದಳು, "ಯಾವ ಸಿಸ್ಟರ್ ಅಕ್ಕಾ ಇವರು?" ಪಕ್ಕದವಳು ಹೇಳಿದಳು, "ಅದೇ, ದಾರಿ ತಪ್ಪಿಸಿದ ಸಿಸ್ಟರ್."

ಆಕೆ ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ಗುರುತು ಹೇಳಿದಳು, ಅಷ್ಟೇ. ಎಷ್ಟೋ ಜನರನ್ನು ಉಸಿರು ಉಳಿಸಿ ಮುಟ್ಟಿಸಿದವಳ ಗುರುತು ಅದಾಗಿತ್ತು. ಕಾರ್ಯ ಮುಗಿದ ಮೇಲೆ ಒಂದು ಬೆಳಿಗ್ಗೆ ಗಾಡಿ ತೆಗೆದುಕೊಂಡು ಲೋಕಿಕೆರೆಗೆ ಹೋದೆ.

ಟೀಚರಮ್ಮನ ಮನೆ ಎಂದು ಕೇಳಿದರೆ ಎಲ್ಲರೂ ತೋರಿಸಿದರು. ಅವರ ಗಂಡ ಜಗಲಿಯ ಮೇಲೆ ಮೆಕ್ಕೆಜೋಳದ ತೆನೆ ಬಿಡಿಸುತ್ತಾ ಕೂತಿದ್ದರು. ನನ್ನನ್ನು ನೋಡಿ ಕೈ ನಿಲ್ಲಿಸಿದರು.

"ಯಾರ್ರೀ? ಇನ್ಶೂರೆನ್ಸಿನೋರಾ?"

"ಅಲ್ರೀ. ಬಾತಿ ಕಡೆಯೋನು. ಮಂಡಕ್ಕಿ ಭಟ್ಟಿ."

"ಮಂಡಕ್ಕಿ ಬ್ಯಾಡ್ರೀ ನಮಗೆ."

"ಮಾರಾಕೆ ಬಂದಿಲ್ರೀ. ಟೀಚರಮ್ಮೋರ ವಿಷಯ."

ಅವರ ಮುಖ ಬಿಗಿಯಾಯಿತು. ಕೂಡ್ರಿ ಎನ್ನಲಿಲ್ಲ. ನಾನೇ ಜಗಲಿಯ ತುದಿಗೆ ಕೂತೆ. ಆ ನರ್ಸಮ್ಮ ತೀರಿಕೊಂಡರು ಎಂದೆ. ಅವರು ತೆನೆಯನ್ನೇ ನೋಡುತ್ತಾ ಹೇಳಿದರು:

"ಆಯಮ್ಮ ಇಲ್ಲಿಗೆ ಬಂದಿದ್ರು. ನಮ್ಮಾಕಿ ತಿಥಿ ಆದ ಮ್ಯಾಲೆ. ನೀವು ಕೂತಲ್ಲೇ ಕೂತಿದ್ರು. ನಮ್ಮವ್ವ ಬಾಯಿಗೆ ಬಂದಂಗೆ ಬೈದ್ಲು. ನನ್ನ ಸೊಸೇನ ದಾರಿಯಾಗೆ ಸುತ್ತಾಡ್ಸಿ ಕೊಂದೆ ಅಂದ್ಲು. ಬೈಸಿಕೊಂಡ್ರು, ನೀರು ಕೊಟ್ರೆ ಕುಡಿದ್ರು, ಎದ್ದು ಹೋದ್ರು. ಕೊನೀತನಕ ಅವಳ ಕೈ ಬಿಟ್ಟಿಲ್ಲ ಅಂತ ಡ್ರೈವರ್ ಹೇಳಿದ್ದ. ಕೈ ಬಿಡದೋರು ದಾರಿ ಯಾಕ ತಪ್ಪಿಸ್ತಾರೆ? ನನಗೆ ಇವತ್ತಿಗೂ ಅನುಮಾನ ಐತೆ. ತಪ್ಪಿಲ್ಲದೋರು ಅಷ್ಟು ಬೈಸಿಕೊಂತಾರೇನ್ರಿ? ಏನೋ ಮುಚ್ಚಿಟ್ಟಿದ್ರು ಆಯಮ್ಮ."

ಒಳಗಿನಿಂದ ಒಬ್ಬ ಮುದುಕಿ ಬಾಗಿಲಿಗೆ ಬಂದು ನಿಂತಿದ್ದಳು. ಬೈದ ತಾಯಿ ಆಕೆಯೇ ಇರಬೇಕು. "ಯಾರಪ್ಪಾ ನೀನು?" ಎಂದು ಕೇಳಿದಳು.

ನಾನು ಎದ್ದು ನಿಂತೆ. ನನ್ನ ದನಿ ನನಗೇ ಜೋರಾಗಿ ಕೇಳಿಸಿತು.

"ಆ ನರ್ಸಮ್ಮನ ತಮ್ಮ ನಾನು, ತಾಯೀ. ಅವಳು ದಾರಿ ತಪ್ಪಿಸಲಿಲ್ಲ. ಹತ್ತಿರದ ದಾರಿಗೇ ಕರ್ಕೊಂಡು ಬಂದಿದ್ಲು. ಅಲ್ಲಿ ಗೇಟು ತೆಗೀಬೇಕಾದೋನು ನಾನು, ತೆಗೀಲಿಲ್ಲ. ರೋಗ ಹಬ್ಬತೈತೆ ಅಂತ ಹೆದರಿದೆ, ಜನಕ್ಕೆ ಹೆದರಿದೆ, ಅವಳನ್ನ ಅಕ್ಕ ಅಂತ ಹೇಳಾಕೂ ಹೆದರಿದೆ. ನನ್ನ ಸಲುವಾಗಿ ಅವಳು ನಿಮ್ಮ ಹತ್ರ ಬೈಸಿಕೊಂಡ್ಲು. ಬೈಯೋದಿದ್ರೆ ನನಗೆ ಬೈರಿ. ನಿಮ್ಮ ಮನೆಯವರಿಗೆ ನಾನು ತಪ್ಪು ಮಾಡೀನಿ. ನಮ್ಮಕ್ಕನಿಗೂ ಮಾಡೀನಿ. ತಪ್ಪಾತು."